ಮನೆಯ ಹಿರಿಯರು ಕುಳಿತಲ್ಲೇ ಉಳಿಯದಿರಲಿ



ಜುಲೈ 26ರಂದು ನಾವು ಮಾತೆ ಮರಿಯಮ್ಮನವರ ತಂದೆತಾಯಿಗಳಾದ ಸಂತ ಜೋಕಿಮ್ ಮತ್ತು ಸಂತ ಅನ್ನಮ್ಮನವರ ಹಬ್ಬವನ್ನು ಆಚರಿಸುತ್ತೇವೆ. ಈ ಹಬ್ಬಕ್ಕೆ ಹತ್ತಿರವಾಗಿರಲೆಂದೇ ಜುಲೈ ತಿಂಗಳ ನಾಲ್ಕನೆಯ ಭಾನುವಾರವನ್ನು ಅಜ್ಜ ಅಜ್ಜಿಯರ ಹಾಗೂ ಹಿರಿಯರ ವಿಶ್ವ ದಿನವಾಗಿ ಪೋಪ್ ಫ್ರಾನ್ಸಿಸರು 2021ರಲ್ಲಿ ಗೊತ್ತುಪಡಿಸಿದರು. ಅಂದು ಹಿರಿಯರ ಕೈಗೆ ಹೂವು ಕೊಡುತ್ತೇವೆ, ಶಾಲು ಹೊದಿಸುತ್ತೇವೆ, ಮುಂದಿನ ಸಾಲಿನ ಕುರ್ಚಿಯಲ್ಲಿ ಕೂರಿಸುತ್ತೇವೆ. ಇದೆಲ್ಲ ಒಳ್ಳೆಯದೇ. ಆದರೆ ಹಬ್ಬ ಮುಗಿದು ಮನೆಗೆ ಹೋದ ಮೇಲೂ ಅವರು ಕುರ್ಚಿಯಲ್ಲೇ ಉಳಿದುಬಿಟ್ಟರೆ? ಹಿರಿಯರಿಗೆ ನಾವು ಕೊಡುವ ವಿಶ್ರಾಂತಿಯೇ ಅವರ ಕಾಲಿನ ಬಲವನ್ನು ಕಸಿದುಕೊಂಡರೆ? ಈ ಮಾತನ್ನು ನಾವು ಪುಸ್ತಕದಿಂದ ಮೊದಲು ಕಲಿಯಲಿಲ್ಲ, ಒಂದು ಮನೆಯಿಂದ ಕಲಿತೆವು.

ಕಳಸಾಪುರದ ಒಂದು ಮನೆ

ಕಾಯಿಲೆಯವರನ್ನೂ ವಯಸ್ಸಾದವರನ್ನೂ ಮನೆಗೆ ಹೋಗಿ ಕಾಣುವ ನಮ್ಮ ಸಣ್ಣ ಗುಂಪು ಕೆಲವು ವರ್ಷಗಳ ಹಿಂದೆ ಗದಗ ತಾಲ್ಲೂಕಿನ ಕಳಸಾಪುರದ ಒಂದು ಮನೆಗೆ ಹೋಗಿತ್ತು. ಆ ಮನೆಯ ಅಜ್ಜಿಗೆ ಆಗ 78 ವರ್ಷ. ಅಲ್ಲಿಯವರೆಗೂ ಬೆಳಗಾದರೆ ಅಂಗಳ ಗುಡಿಸಿ ನೀರು ಹೊಡೆಯುವುದು, ಜೋಳದ ರೊಟ್ಟಿ ಬಡಿಯುವುದು, ಮಧ್ಯಾಹ್ನ ಕಟ್ಟೆಯ ಮೇಲೆ ಕುಳಿತು ಕಾಳು ಹಸನು ಮಾಡುವುದು, ಶೇಂಗಾ ಸುಲಿಯುವುದು ಎಲ್ಲವನ್ನೂ ಮಾಡಿಕೊಂಡಿದ್ದವರು. ಒಮ್ಮೆ ಜ್ವರ ಬಂದು ಎರಡು ವಾರ ಮಲಗಿದರು. ಜ್ವರ ಬಿಟ್ಟಿತು. ಆದರೆ ಮತ್ತೆ ಪೊರಕೆ ಹಿಡಿಯಲು ಹೋದಾಗ ಸೊಸೆ ಬಿಡಲಿಲ್ಲ.

“ಅತ್ತಿ, ನೀವ್ಯಾಕ ತ್ರಾಸ ತಗೋತೀರಿ? ಸುಮ್ನ ಕೂಡ್ರಿ, ನಾ ಮಾಡ್ತೀನಿ.”

ಮಗನೂ ಅದನ್ನೇ ಹೇಳಿದ. “ಯವ್ವಾ, ನೀ ದುಡದದ್ದು ಸಾಕು.” ನೀರು ಬೇಕೆಂದರೆ ಮೊಮ್ಮಗ ತಂದುಕೊಡುವನು. ಊಟ ಹೊರಸಿನ ಬಳಿಗೇ ಬರುವುದು. ಇದನ್ನೆಲ್ಲ ಕಂಡು ನಮಗೂ ಸಂತೋಷವಾಯಿತು. “ನೀವು ಪುಣ್ಯವಂತರು, ಇಂಥ ಸೊಸಿ ಸಿಕ್ಕಾಳ, ಆರಾಮ ಕೂಡ್ರಿ” ಎಂದು ಹೇಳಿ ಬಂದವರು ನಾವೇ.

ಮೂರು ತಿಂಗಳ ನಂತರ ಅವರನ್ನು ಭಾನುವಾರದ ಬಲಿಪೂಜೆಗೆ ಕರೆತಂದಿದ್ದರು. ಶುಭಸಂದೇಶದ ವಾಚನಕ್ಕೆ ಎಲ್ಲರೂ ಎದ್ದು ನಿಂತರು. ಅಜ್ಜಿ ಮುಂದಿನ ಬೆಂಚನ್ನು ಹಿಡಿದು ಏಳಲು ನೋಡಿದರು, ಆಗಲಿಲ್ಲ. ಇನ್ನೊಮ್ಮೆ ನೋಡಿದರು. ಆಮೇಲೆ ತಲೆ ತಗ್ಗಿಸಿ ಕುಳಿತುಬಿಟ್ಟರು. ಪೂಜೆ ಮುಗಿದ ಮೇಲೆ ಅವರು ನಮಗೆ ಹೇಳಿದ್ದು ಇಷ್ಟೇ: “ಎಲ್ಲಾರೂ ನಿಂತಾಗ ನಾ ಒಬ್ಬಾಕೀನ ಕುಂತಿದ್ದೆ ನೋಡ್ರಿ.”

ಅಶಕ್ತರು ಕುಳಿತೇ ಬಲಿಪೂಜೆಯಲ್ಲಿ ಪಾಲ್ಗೊಳ್ಳಬಹುದು, ಅದರಲ್ಲಿ ಯಾವ ಕೊರತೆಯೂ ಇಲ್ಲ. ಹಾಗೆಂದು ನಾವು ಸಮಾಧಾನ ಹೇಳಿದೆವು. ಆದರೆ ಅವರ ದುಃಖ ಬೇರೆಯದೇ ಆಗಿತ್ತು. ಅವರಿಗೆ ಪಾರ್ಶ್ವವಾಯು ಬಡಿದಿರಲಿಲ್ಲ, ಎಲುಬು ಮುರಿದಿರಲಿಲ್ಲ. ಹಾಗಾದರೆ ಮೂರು ತಿಂಗಳಲ್ಲಿ ಕಾಲಿನ ಬಲ ಎಲ್ಲಿ ಹೋಯಿತು?

ಕುಳಿತವರಿಗೆ ಏನಾಗುತ್ತದೆ?

ಮೂವತ್ತು ವರ್ಷ ದಾಟಿದ ಮೇಲೆ ಪ್ರತಿಯೊಬ್ಬರ ಮಾಂಸಖಂಡವೂ ಸ್ವಲ್ಪಸ್ವಲ್ಪವಾಗಿ ಕರಗುತ್ತಾ ಹೋಗುತ್ತದೆ. ಹತ್ತು ವರ್ಷಕ್ಕೆ ಶೇ. 3ರಿಂದ 8ರಷ್ಟು ಎಂದು ವೈದ್ಯರು ಅಂದಾಜಿಸುತ್ತಾರೆ. ಅರವತ್ತರ ನಂತರ ಈ ಕರಗುವಿಕೆ ಇನ್ನಷ್ಟು ಬೇಗ ಆಗುತ್ತದೆ. ಇದು ವಯಸ್ಸಿನ ಪಾಲು. ಆದರೆ ವಯಸ್ಸು ಹತ್ತು ವರ್ಷದಲ್ಲಿ ಮಾಡುವ ಕೆಲಸವನ್ನು ಹಾಸಿಗೆ ಕೆಲವೇ ದಿನಗಳಲ್ಲಿ ಮಾಡಬಲ್ಲದು. 2007ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸರಾಸರಿ 67 ವರ್ಷದ ಆರೋಗ್ಯವಂತರನ್ನು 10 ದಿನ ಹಾಸಿಗೆಯಲ್ಲೇ ಇರಿಸಿ ನೋಡಿದರು. ಅಷ್ಟರಲ್ಲೇ ಅವರ ಕಾಲುಗಳಿಂದ ಸುಮಾರು 1 ಕಿಲೋದಷ್ಟು ಮಾಂಸ ಕರಗಿತ್ತು. ನಮ್ಮ ಅಜ್ಜಿ ಜ್ವರದಲ್ಲಿ ಮಲಗಿದ್ದು 14 ದಿನ. ಕಳೆದುಕೊಂಡದ್ದನ್ನು ಮತ್ತೆ ಗಳಿಸಬೇಕಾದ ಸಮಯದಲ್ಲೇ ಅವರನ್ನು ಕೂರಿಸಿದೆವು.

ಮೊದಲು ಸೊರಗುವುದು ತೊಡೆಯ ಬಲ. ಕುರ್ಚಿಯಿಂದ ಏಳಲು, ಮೆಟ್ಟಿಲು ಹತ್ತಲು, ಶೌಚಕ್ಕೆ ಕುಳಿತು ಏಳಲು ಬೇಕಾಗುವುದು ಅದೇ. ಅದರ ಜೊತೆಗೆ ದೇಹದ ತೋಲವೂ ಸಡಿಲಾಗುತ್ತದೆ. ಎಡವಿದಾಗ ತಟ್ಟನೆ ಹೆಜ್ಜೆ ಮುಂದಿಟ್ಟು ದೇಹವನ್ನು ತಡೆಯುವ ಶಕ್ತಿ ಇರುವುದಿಲ್ಲ. ಒಮ್ಮೆ ಬಿದ್ದವರಿಗೆ ಭಯ ಹತ್ತುತ್ತದೆ. ಭಯಕ್ಕೆ ನಡೆಯುವುದನ್ನು ಬಿಡುತ್ತಾರೆ. ನಡೆಯದಿದ್ದರೆ ಕಾಲು ಇನ್ನೂ ಸೋಲುತ್ತದೆ, ಮತ್ತೆ ಬೀಳುತ್ತಾರೆ. ಬಿದ್ದು ಸೊಂಟದ ಕೀಲಿನ ಎಲುಬು ಮುರಿದ ಹಿರಿಯರಲ್ಲಿ ಎಷ್ಟೋ ಮಂದಿ ಮತ್ತೆ ಮೊದಲಿನಂತೆ ಓಡಾಡಲಾರರು. ಈ ಸುತ್ತನ್ನು ಎಲ್ಲಾದರೂ ಕಡಿಯಬೇಕು.

ಹಿಂದಿನ ಮನೆ, ಇಂದಿನ ಮನೆ

ನಮ್ಮ ಕಡೆಯ ಹಳೆಯ ಮನೆಗಳಲ್ಲಿ ವ್ಯಾಯಾಮ ಎಂಬ ಮಾತೇ ಇರಲಿಲ್ಲ, ಅದರ ಅಗತ್ಯವೂ ಇರಲಿಲ್ಲ. ಊಟಕ್ಕೆ ನೆಲದ ಮೇಲೆ ಕೂರಬೇಕು, ಉಂಡ ಮೇಲೆ ಏಳಬೇಕು. ಬೀಸುಕಲ್ಲು ತಿರುಗಿಸಿದರೆ ಹಿಟ್ಟು, ಒರಳಲ್ಲಿ ರುಬ್ಬಿದರೆ ಚಟ್ನಿ. ನೀರಿಗೆ ಕೊಡ ಹೊತ್ತು ನಡೆಯಬೇಕು. ಹೊಲಕ್ಕೆ ಹೋಗಲು ಎರೆಮಣ್ಣಿನ ದಾರಿಯಲ್ಲಿ ಕಾಲೇ ಗತಿ. ಇಂದು ಗಿರಣಿ ಇದೆ, ಮಿಕ್ಸರ್ ಇದೆ, ಮನೆಯೊಳಗೇ ನಳ ಬಂದಿದೆ, ಅಡುಗೆ ಕಟ್ಟೆಯ ಮೇಲೆ ಗ್ಯಾಸ್ ಇದೆ, ಪೇಟೆಗೆ ಹೋಗಲು ಮೊಮ್ಮಗನ ಬೈಕ್ ಇದೆ. ಪಡಸಾಲೆಯಲ್ಲಿ ಟಿ.ವಿ.ಯ ಮುಂದೆ ಪ್ಲಾಸ್ಟಿಕ್ ಕುರ್ಚಿ ಇದೆ.

ಹಳೆಯ ಕಷ್ಟವೇ ಚೆನ್ನಾಗಿತ್ತು ಎಂದು ನಾವು ಹೇಳುವುದಿಲ್ಲ. ಆ ದುಡಿತ ಎಷ್ಟೋ ತಾಯಂದಿರ ಸೊಂಟ, ಮೊಣಕಾಲುಗಳನ್ನು ಸವೆಸಿದೆ. ಆದರೆ ಆ ದುಡಿತ ಹೋದ ಜಾಗದಲ್ಲಿ ಬೇರೇನೂ ಬರಲಿಲ್ಲ. ತಾನಾಗಿ ಆಗುತ್ತಿದ್ದುದನ್ನು ಈಗ ಗೊತ್ತಿದ್ದು ಮಾಡಬೇಕಾಗಿದೆ.

ತಡವಾಯಿತೇ?

“ಎಂಬತ್ತರ ವಯಸ್ಸಿನಲ್ಲಿ ಇನ್ನೆಂಥ ವ್ಯಾಯಾಮ?” ಎಂದು ಕೇಳುವವರಿದ್ದಾರೆ. 1990ರಲ್ಲಿ ಅಮೆರಿಕದ ಬಾಸ್ಟನ್ ನಗರದ ವೈದ್ಯರು 86ರಿಂದ 96 ವರ್ಷದ 10 ಮಂದಿ ಆಶ್ರಮವಾಸಿಗಳಿಗೆ ಕಾಲಿನಿಂದ ಭಾರ ಎತ್ತುವ ವ್ಯಾಯಾಮವನ್ನು ತಮ್ಮ ಕಣ್ಣೆದುರೇ ಮಾಡಿಸಿದರು. 8 ವಾರಗಳನ್ನು ಪೂರೈಸಿದ 9 ಮಂದಿಯ ಕಾಲಿನ ಬಲ ಸರಾಸರಿ ಶೇ. 174ರಷ್ಟು ಹೆಚ್ಚಿತು. ಅಂದರೆ ಮೊದಲಿದ್ದುದರ ಎರಡೂವರೆ ಪಟ್ಟನ್ನೂ ಮೀರಿತು. ಇಬ್ಬರು ಕೋಲು ಬಿಟ್ಟು ನಡೆದರು. ತೊಂಬತ್ತರ ದೇಹವೂ ಕೇಳಿದರೆ ಕೊಡುತ್ತದೆ ಎಂಬುದು ಅಂದು ಖಚಿತವಾಯಿತು.

ಮನೆಯಲ್ಲಿಯೇ ಮಾಡುವವರಿಗೆ ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದವರು ದಾರಿ ತೋರಿಸಿದ್ದಾರೆ. ಅವರು 80 ವರ್ಷ ದಾಟಿದ 233 ಮಹಿಳೆಯರ ಮೇಲೆ ನಡೆಸಿದ ಅಧ್ಯಯನ 1997ರಲ್ಲಿ ಪ್ರಕಟವಾಯಿತು. ಫಿಸಿಯೋಥೆರಪಿಸ್ಟ್ ಒಬ್ಬರು ಮೊದಲ ಎರಡು ತಿಂಗಳಲ್ಲಿ ನಾಲ್ಕು ಬಾರಿ ಮನೆಗೆ ಬಂದು ಕಲಿಸಿಹೋಗುತ್ತಿದ್ದರು. ಉಳಿದದ್ದನ್ನು ಆ ಅಜ್ಜಿಯರು ತಾವೇ ಮಾಡಿಕೊಳ್ಳುತ್ತಿದ್ದರು. ವಾರಕ್ಕೆ ಮೂರು ದಿನ ಅರ್ಧ ಗಂಟೆ ಕಾಲಿನ ಬಲಕ್ಕೆ, ತೋಲಕ್ಕೆ ವ್ಯಾಯಾಮ. ಅದರ ಜೊತೆಗೆ ನಡಿಗೆ. ಇಂಥ ನಾಲ್ಕು ಅಧ್ಯಯನಗಳನ್ನು ಕೂಡಿಸಿ ನೋಡಿದಾಗ ಬೀಳುವುದು ಶೇ. 35ರಷ್ಟು ಕಡಿಮೆಯಾಗಿತ್ತು.

ನಮ್ಮ ನಾಡಿನವರದೇ ಒಂದು ಉದಾಹರಣೆ ಇದೆ. ಯೋಗಗುರು ಬಿ. ಕೆ. ಎಸ್. ಅಯ್ಯಂಗಾರರು 1918ರಲ್ಲಿ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದವರು. ಬಾಲ್ಯದಲ್ಲಿ ರೋಗದಿಂದ ನರಳಿದ ಬಡಕಲು ಹುಡುಗ. 1930ರ ದಶಕದಲ್ಲಿ ಧಾರವಾಡ, ಬೆಳಗಾವಿಗಳಲ್ಲಿ ಕಲಿಸಿ 1937ರಲ್ಲಿ ಪುಣೆಗೆ ಹೋದರು. ಕುರ್ಚಿ, ಗೋಡೆ, ಬೆಂಚು, ಪಟ್ಟಿಗಳ ಆಸರೆ ಕೊಟ್ಟು ವಯಸ್ಸಾದವರೂ ಕಾಯಿಲೆಯವರೂ ಅಭ್ಯಾಸ ಮಾಡುವಂತೆ ಮಾಡಿದ್ದು ಅವರ ದೊಡ್ಡ ಕೊಡುಗೆ. ತೊಂಬತ್ತು ದಾಟಿದ ಮೇಲೂ ಸ್ವತಃ ಅಭ್ಯಾಸ ಬಿಡಲಿಲ್ಲ. 2014ರಲ್ಲಿ ತೀರಿಕೊಂಡಾಗ ಅವರಿಗೆ 95 ವರ್ಷ. ಅವರ ಆಸನಗಳನ್ನು ಗುರುವಿಲ್ಲದೆ ಮಾಡಿರೆಂದು ನಾವು ಹೇಳುವುದಿಲ್ಲ. ಅವರಿಂದ ಒಂದು ಮಾತನ್ನು ಮಾತ್ರ ತೆಗೆದುಕೊಳ್ಳೋಣ. ಕುರ್ಚಿ ಇರುವುದು ಕೂರುವುದಕ್ಕಷ್ಟೇ ಅಲ್ಲ, ಗೋಡೆ ಇರುವುದು ಒರಗುವುದಕ್ಕಷ್ಟೇ ಅಲ್ಲ.

ಮನೆಯಲ್ಲೇ ಮಾಡಬಹುದಾದದ್ದು

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಸೂಚನೆಯ ಪ್ರಕಾರ 65 ದಾಟಿದವರು ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ವೇಗದ ಚಟುವಟಿಕೆ ಮಾಡಬೇಕು. ವಾರಕ್ಕೆ ಎರಡು ದಿನವಾದರೂ ಮಾಂಸಖಂಡಗಳಿಗೆ ಬಲ ಕೊಡುವ ವ್ಯಾಯಾಮ ಇರಬೇಕು. ಬೀಳದಂತೆ ತಡೆಯಲು ತೋಲ ಮತ್ತು ಬಲ ಎರಡನ್ನೂ ಬೆಳೆಸುವ ಚಟುವಟಿಕೆ ಮೂರು ದಿನವಾದರೂ ಇರಬೇಕು. 150 ನಿಮಿಷ ಎಂದರೆ ಹೆದರಬೇಡಿ. ದಿನಕ್ಕೆ ಹತ್ತು ಹತ್ತು ನಿಮಿಷದಂತೆ ಎರಡು ಮೂರು ಬಾರಿ ಮಾಡಿದರೂ ಲೆಕ್ಕಕ್ಕೆ ಬರುತ್ತದೆ. ಅಷ್ಟು ಆಗದವರು ಆದಷ್ಟು ಮಾಡಲಿ. ಏನೂ ಮಾಡದಿರುವುದಕ್ಕಿಂತ ಸ್ವಲ್ಪ ಮಾಡುವುದು ಮೇಲು.

1. ಕುರ್ಚಿಯಿಂದ ಏಳುವುದು. ಕೈ ಇರುವ ಗಟ್ಟಿ ಕುರ್ಚಿಯನ್ನು ಗೋಡೆಗೆ ತಾಗಿಸಿ ಇಡಿ. ಹಗುರ ಪ್ಲಾಸ್ಟಿಕ್ ಕುರ್ಚಿ ಜಾರೀತು, ಅದು ಬೇಡ. ಕುರ್ಚಿಯ ಮುಂಭಾಗಕ್ಕೆ ಸರಿದು ಕುಳಿತು, ಪಾದಗಳನ್ನು ಮೊಣಕಾಲಿಗಿಂತ ಸ್ವಲ್ಪ ಹಿಂದಕ್ಕೆ ಎಳೆದುಕೊಳ್ಳಿ. ಎದೆಯನ್ನು ಮುಂದಕ್ಕೆ ಬಾಗಿಸಿ ಮೇಲೇಳಿ. ಧೊಪ್ಪನೆ ಬೀಳದೆ ನಿಧಾನವಾಗಿ ಕುಳಿತುಕೊಳ್ಳಿ. ಆರಂಭದಲ್ಲಿ ಕೈ ಊರಿಕೊಳ್ಳಿ, ಗಟ್ಟಿ ಹಾಸನ್ನು ಮಡಿಸಿ ಕೆಳಗಿಟ್ಟು ಎತ್ತರ ಮಾಡಿಕೊಳ್ಳಿ. ಬಲ ಬಂದಂತೆ ಅದನ್ನು ತೆಗೆಯಿರಿ, ಆಮೇಲೆ ಕೈಯ ಆಸರೆಯನ್ನೂ ಬಿಡಿ. ಮೂರರಿಂದ ಐದು ಸಲದಿಂದ ಶುರುಮಾಡಿ ಹತ್ತಕ್ಕೆ ಏರಿಸಿ. ಒಂದೇ ಒಂದನ್ನು ಮಾಡುವಷ್ಟು ಮನಸ್ಸಿದ್ದರೆ ಇದನ್ನೇ ಮಾಡಿ.

2. ಹಿಮ್ಮಡಿ ಎತ್ತುವುದು. ಅಡುಗೆ ಕಟ್ಟೆಯನ್ನು ಎರಡೂ ಕೈಯಿಂದ ಹಿಡಿದು ನಿಂತು ಹಿಮ್ಮಡಿಗಳನ್ನು ಎತ್ತಿ, ನಿಧಾನವಾಗಿ ಇಳಿಸಿ. ಹತ್ತು ಬಾರಿ. ಹಾಲು ಕಾಯುವಷ್ಟರಲ್ಲಿ ಮುಗಿಯುತ್ತದೆ.

3. ಕಾಲನ್ನು ಬದಿಗೆ ಎತ್ತುವುದು. ಅದೇ ಕಟ್ಟೆಯನ್ನು ಹಿಡಿದು, ಮೈ ವಾಲಿಸದೆ ಒಂದು ಕಾಲನ್ನು ಪಕ್ಕಕ್ಕೆ ಎತ್ತಿ ಇಳಿಸಿ. ಆಮೇಲೆ ಇನ್ನೊಂದು ಕಾಲು. ಸೊಂಟದ ಪಕ್ಕದ ಮಾಂಸಖಂಡ ಬಲವಾದರೆ ನಡೆಯುವಾಗ ತೂರಾಡುವುದು ಕಡಿಮೆಯಾಗುತ್ತದೆ.

4. ಗೋಡೆ ತಳ್ಳುವುದು. ಗೋಡೆಯಿಂದ ಒಂದು ಮೊಳ ದೂರ ನಿಂತು, ಎದೆಯ ಮಟ್ಟದಲ್ಲಿ ಅಂಗೈ ಊರಿ, ಮೊಣಕೈ ಮಡಿಸಿ ಗೋಡೆಯತ್ತ ಬಾಗಿ, ಮತ್ತೆ ತಳ್ಳಿ ಹಿಂದಕ್ಕೆ ಬನ್ನಿ. ತೋಳು, ಎದೆಗಳಿಗೆ ಇದು ಒಳ್ಳೆಯದು.

5. ತೋಲದ ಅಭ್ಯಾಸ. ಕೈಗೆಟಕುವಂತೆ ಕಟ್ಟೆ ಇರಲಿ. ಮೊದಲು ಎರಡೂ ಪಾದ ಜೋಡಿಸಿ 10 ಸೆಕೆಂಡ್ ನಿಲ್ಲಿ. ಅದು ಸುಲಭವಾದರೆ ಒಂದು ಪಾದವನ್ನು ಅರ್ಧ ಮುಂದಿಡಿ. ಆಮೇಲೆ ಒಂದು ಪಾದದ ಹಿಮ್ಮಡಿ ಇನ್ನೊಂದರ ಬೆರಳಿಗೆ ತಾಗುವಂತೆ ಒಂದೇ ಗೆರೆಯಲ್ಲಿ ನಿಲ್ಲಿ. ಕೊನೆಗೆ ಒಂಟಿ ಕಾಲಿನ ಮೇಲೆ. ಒಂದು ಮೆಟ್ಟಿಲು ಗಟ್ಟಿಯಾಗದೆ ಮುಂದಿನದಕ್ಕೆ ಹೋಗಬೇಡಿ.

6. ನಡಿಗೆ. ರಸ್ತೆಗೆ ಹೋಗಲಾಗದವರು ಅಂಗಳದಲ್ಲಿ, ಪಡಸಾಲೆಯಲ್ಲಿ ಆ ಗೋಡೆಯಿಂದ ಈ ಗೋಡೆಗೆ ನಡೆಯಲಿ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗ ಸಾಕು. ಐದು ರಹಸ್ಯಗಳ ಜಪಸರಕ್ಕೆ ಸುಮಾರು 15ರಿಂದ 20 ನಿಮಿಷ ಬೇಕು. ಹೆಜ್ಜೆ ಗಟ್ಟಿ ಇರುವವರು ಅದನ್ನು ನಡೆಯುತ್ತಲೇ ಹೇಳಬಹುದು. ತೋಲ ತಪ್ಪುವವರು ಮಾತ್ರ ಕುಳಿತೇ ಜಪಿಸಲಿ, ನಡೆಯುವಾಗ ಕೈ ಖಾಲಿ ಇರಲಿ.

ನಿಲ್ಲಲು ಆಗದವರು ಕುರ್ಚಿಯಲ್ಲಿ ಕುಳಿತು ಒಂದೊಂದೇ ಕಾಲನ್ನು ಮುಂದಕ್ಕೆ ನೀಡಿ ಐದು ಎಣಿಸುವವರೆಗೆ ಹಿಡಿಯಬಹುದು, ಪಾದ ತಿರುಗಿಸಬಹುದು, ತೋಳು ಎತ್ತಬಹುದು. ಹಾಸಿಗೆ ಹಿಡಿದವರಿಗೂ ಮಾಡುವಂಥದ್ದು ಏನಾದರೂ ಇದ್ದೇ ಇದೆ.

ನಿಮ್ಮ ಬಲವನ್ನು ಅಳೆಯುವ ಸುಲಭ ದಾರಿಯೂ ಇದೆ. ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು 30 ಸೆಕೆಂಡಿನಲ್ಲಿ ಎಷ್ಟು ಬಾರಿ ಎದ್ದು ಕೂರುತ್ತೀರಿ ಎಂದು ಮನೆಯವರು ಪಕ್ಕದಲ್ಲಿ ನಿಂತು ಎಣಿಸಲಿ. ಅಮೆರಿಕದ ಆರೋಗ್ಯ ಇಲಾಖೆಯ ಪಟ್ಟಿಯಂತೆ 70ರಿಂದ 79 ವರ್ಷದ ಮಹಿಳೆಯರು 10ಕ್ಕಿಂತ ಕಡಿಮೆ ಎದ್ದರೆ ಬೀಳುವ ಅಪಾಯ ಹೆಚ್ಚು. ಗಂಡಸರಿಗೆ 70ರಿಂದ 74ರವರೆಗೆ ಈ ಸಂಖ್ಯೆ 12, 75ರಿಂದ 79ರವರೆಗೆ 11. ಕಡಿಮೆ ಬಂದರೆ ಎದೆಗುಂದಬೇಡಿ. ತಿಂಗಳಿಗೊಮ್ಮೆ ಎಣಿಸಿ ಕ್ಯಾಲೆಂಡರಿನಲ್ಲಿ ಬರೆದಿಡಿ.

ಎಚ್ಚರಿಕೆಯ ಮಾತು

ಹೃದಯದ ಕಾಯಿಲೆ ಇರುವವರು, ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆದವರು, ಪದೇ ಪದೇ ಬೀಳುವವರು ಮೊದಲು ವೈದ್ಯರನ್ನು ಕೇಳಿ. ಎದೆನೋವು, ತಲೆಸುತ್ತು, ಮಾತಾಡಲಾಗದಷ್ಟು ಏದುಸಿರು ಬಂದರೆ ತಕ್ಷಣ ನಿಲ್ಲಿಸಿ. ಎದೆನೋವು ಹೋಗದಿದ್ದರೆ ಮನೆಯಲ್ಲಿ ಕಾಯಬೇಡಿ, ಆಸ್ಪತ್ರೆಗೆ ಹೋಗಿ. ಮೊದಲ ದಿನಗಳಲ್ಲಿ ತೊಡೆ ಸ್ವಲ್ಪ ನೋಯುವುದು ಸಹಜ. ಕೀಲು ಊದಿಕೊಂಡರೆ ಅಥವಾ ಚುಚ್ಚಿದಂತೆ ನೋವಾದರೆ ಅದು ಸಹಜವಲ್ಲ. ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವವರು ಹಾಸಿಗೆಯಿಂದ ಒಮ್ಮೆಲೇ ಏಳದೆ, ಒಂದು ನಿಮಿಷ ಅಂಚಿನಲ್ಲಿ ಕುಳಿತು ಏಳಿ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಬರಿಹೊಟ್ಟೆಯಲ್ಲಿ ಮಾಡಬೇಡಿ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಬೆಳಗಿನ ತಂಪು ಹೊತ್ತೇ ಸರಿ.

ಮಾಂಸಖಂಡಕ್ಕೆ ಕೆಲಸದ ಜೊತೆಗೆ ಆಹಾರವೂ ಬೇಕು. ಹಲ್ಲಿಲ್ಲವೆಂದು ಬರೀ ಅನ್ನ, ಸಾರು ಉಂಡರೆ ಸಾಲದು. ಮೆತ್ತಗೆ ಬೇಯಿಸಿದ ಕಾಳು, ಬೇಳೆ, ಮೊಸರು, ಮೊಟ್ಟೆ, ಶೇಂಗಾ ಚಟ್ನಿಪುಡಿ ಇವು ಪ್ರತಿ ಊಟದಲ್ಲೂ ಏನಾದರೊಂದು ಇರಲಿ. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ವೈದ್ಯರು ಹೇಳಿದಷ್ಟೇ ತಿನ್ನಲಿ.

ಮನೆಯವರ ಪಾಲು

ಪ್ರಿಯರೇ, ಇಲ್ಲಿಯವರೆಗೆ ಹಿರಿಯರಿಗೆ ಹೇಳಿದೆವು. ಈಗ ಮಕ್ಕಳಿಗೆ, ಸೊಸೆಯಂದಿರಿಗೆ ಎರಡು ಮಾತು. ಹಿರಿಯರ ಕೈಯಿಂದ ಕೆಲಸ ಕಿತ್ತುಕೊಳ್ಳುವುದೇ ಪ್ರೀತಿಯಲ್ಲ. ಭಾರದ ಕೊಡ, ಎತ್ತರದ ಅಟ್ಟ, ಒದ್ದೆ ನೆಲ ಇವನ್ನು ಅವರಿಂದ ದೂರ ಇಡಿ. ಉಳಿದ ಕೆಲಸವನ್ನು ಅವರಿಗೇ ಬಿಡಿ. ಗಿಡಕ್ಕೆ ನೀರು ಹಾಕಲಿ, ಬಟ್ಟೆ ಮಡಿಸಿ ಒಯ್ದಿಡಲಿ, ಸೊಪ್ಪು ಸೋಸಲಿ, ತಮ್ಮ ತಟ್ಟೆಯನ್ನು ತಾವೇ ಎತ್ತಿಡಲಿ. ಅವರು ಕಾಲು ಗಂಟೆ ತೆಗೆದುಕೊಂಡರೆ ನಾವು ಕಾಯೋಣ. ಅವರು ಏಳುವಾಗ ರಟ್ಟೆ ಹಿಡಿದು ಎಳೆಯುವ ಬದಲು ಪಕ್ಕದಲ್ಲಿ ನಿಂತಿರೋಣ.

ಮನೆಯನ್ನೂ ಒಮ್ಮೆ ಅವರ ಕಣ್ಣಿನಿಂದ ನೋಡಿ. ಬಚ್ಚಲಲ್ಲಿ ಪಾಚಿ ಇದೆಯೇ? ಹಿಡಿದುಕೊಳ್ಳಲು ಗೋಡೆಗೆ ಹಿಡಿಕೆ ಇದೆಯೇ? ರಾತ್ರಿ ಶೌಚಕ್ಕೆ ಹೋಗುವ ದಾರಿಯಲ್ಲಿ ದೀಪ ಇದೆಯೇ? ನಮ್ಮ ಹಳೆಯ ಮನೆಗಳ ಎತ್ತರದ ಹೊಸ್ತಿಲಿಗೆ ಬಿಳಿ ಬಣ್ಣದ ಪಟ್ಟಿ ಎಳೆದರೆ ಮಂದ ಬೆಳಕಿನಲ್ಲೂ ಕಾಣುತ್ತದೆ. ಸವೆದ ಹವಾಯಿ ಚಪ್ಪಲಿ, ಜಾರುವ ಚಾಪೆ ತೆಗೆದುಹಾಕಿ. ಕಣ್ಣಿನ ಪೊರೆ ಬಂದಿದ್ದರೆ ಚಿಕಿತ್ಸೆ ಮಾಡಿಸಿ. ಹಿರಿಯರ ಆರೋಗ್ಯ ಆರೈಕೆಗಾಗಿಯೇ ಕೇಂದ್ರ ಸರ್ಕಾರ 2010ರಲ್ಲಿ ಒಂದು ರಾಷ್ಟ್ರೀಯ ಕಾರ್ಯಕ್ರಮ ಆರಂಭಿಸಿದೆ. ಜಿಲ್ಲಾ ಆಸ್ಪತ್ರೆಗೆ ಹೋದಾಗ ಹಿರಿಯರ ವಿಭಾಗವನ್ನೂ ಫಿಸಿಯೋಥೆರಪಿಯನ್ನೂ ಕೇಳಿ ತಿಳಿದುಕೊಳ್ಳಿ. ಒಮ್ಮೆ ಸರಿಯಾಗಿ ಕಲಿತು ಬಂದರೆ ಮನೆಯಲ್ಲಿ ಮುಂದುವರಿಸಬಹುದು.

ಆ ಅಜ್ಜಿ ಏನಾದರು?

ಕಳಸಾಪುರದ ಆ ಮನೆಗೆ ನಾವು ಮತ್ತೆ ಹೋದೆವು. ವೈದ್ಯರನ್ನು ಕೇಳಿಕೊಂಡು ಮಗ ಗೋಡೆಗೆ ತಾಗಿಸಿ ಒಂದು ಮರದ ಕುರ್ಚಿ ಹಾಕಿದ್ದ. ಅದರ ಮೇಲೆ ಎರಡು ಕವದಿ ಮಡಿಸಿ ಇಟ್ಟಿದ್ದರು. ಮೊದಲ ವಾರ ಕೈ ಊರಿ ಮೂರು ಸಲ ಏಳುವುದರಲ್ಲೇ ಅಜ್ಜಿಗೆ ಸಾಕಾಗುತ್ತಿತ್ತು. ಎಣಿಸುವ ಕೆಲಸ ಮೊಮ್ಮಗನದು. ತಿಂಗಳು ಕಳೆದಾಗ ಒಂದು ಕವದಿ ಹೋಯಿತು, ಇನ್ನೂ ಸ್ವಲ್ಪ ದಿನಕ್ಕೆ ಎರಡನೆಯದೂ ಹೋಯಿತು. ನಡುವೆ ನೆಗಡಿ ಬಂದು ಹತ್ತು ದಿನ ನಿಂತು, ಮತ್ತೆ ಕವದಿ ಹಾಕಿಕೊಂಡದ್ದೂ ಉಂಟು. ಕಾಳು ಹಸನು ಮಾಡುವ ಕೆಲಸವನ್ನು ಸೊಸೆ ಅವರಿಗೆ ಹಿಂದಿರುಗಿಸಿದಳು. “ನಾ ಮೊದಲ ಕೊಟ್ಟಿದ್ರ ಚಲೋ ಇತ್ರಿ” ಎಂದು ನಮ್ಮೆದುರು ಹೇಳಿಕೊಂಡಳು. ಅವಳ ತಪ್ಪೇನು? ಆರಾಮ ಕೂಡ್ರಿ ಎಂದು ಹೇಳಿ ಬಂದವರಲ್ಲಿ ನಾವೂ ಇದ್ದೆವಲ್ಲ.

ಆ ವರ್ಷದ ಕ್ರಿಸ್ಮಸ್ ಬಲಿಪೂಜೆಯಲ್ಲಿ ಶುಭಸಂದೇಶದ ಹೊತ್ತಿಗೆ ನಮ್ಮ ಕಣ್ಣು ತಾನಾಗಿ ಆ ಬೆಂಚಿನತ್ತ ಹೋಯಿತು. ಅಜ್ಜಿ ಮುಂದಿನ ಬೆಂಚನ್ನು ಹಿಡಿದುಕೊಂಡು, ಎಲ್ಲರಿಗಿಂತ ಸ್ವಲ್ಪ ತಡವಾಗಿ ಎದ್ದರು. ವಾಚನ ಮುಗಿಯುವವರೆಗೂ ನಿಂತಿದ್ದರು. ಪ್ರಬೋಧನೆಗೆ ಎಲ್ಲರೊಂದಿಗೆ ಕುಳಿತುಕೊಂಡರು.

ಪ್ರಿಯ ಕುಟುಂಬದವರೇ, ಈ ಬಾರಿಯ ಹಬ್ಬದಂದು ಹಿರಿಯರಿಗೆ ಹೂವು ಕೊಡಿ, ಶಾಲು ಹೊದಿಸಿ. ಮರುದಿನ ಬೆಳಿಗ್ಗೆ ಒಂದು ಗಟ್ಟಿ ಕುರ್ಚಿಯನ್ನು ಗೋಡೆಗೆ ತಾಗಿಸಿ ಇಟ್ಟು, ಪಕ್ಕದಲ್ಲಿ ನಿಂತು ಎಣಿಸಿ. ನಮ್ಮ ಹಿರಿಯರಿಗೆ ದೀರ್ಘಾಯುಷ್ಯವನ್ನೂ, ಆ ಆಯುಷ್ಯದುದ್ದಕ್ಕೂ ತಮ್ಮ ಕಾಲ ಮೇಲೆ ನಿಲ್ಲುವ ಬಲವನ್ನೂ ದೇವರು ದಯಪಾಲಿಸಲಿ.